ಅತ್ತಿಮಬ್ಬೆ ಎಂದರೆ ಯಾರ ಅತ್ತೆ?

ಕನ್ನಡ ಎಂ.ಎ. ಮಾಡಿದವನಿಂದ ನೆಂಟರಿಷ್ಟರಿಗೆ ಆಗುವ ಉಪಕಾರ ಎರಡೇ: ಲಗ್ನಪತ್ರಿಕೆಯ ಕಾಗುಣಿತ ತಿದ್ದುವುದು, ಹುಟ್ಟಿದ ಮಗುವಿಗೆ ಹೆಸರು ಹುಡುಕಿಕೊಡುವುದು. ಮೊದಲನೆಯದರಲ್ಲಿ ಅಪಾಯವಿಲ್ಲ, ನಾನು ತಿದ್ದಿದ್ದನ್ನು ಪ್ರೆಸ್ಸಿನವರು ಮತ್ತೆ ತಿದ್ದಿ ಸರಿತೂಗಿಸುತ್ತಾರೆ. ಎರಡನೆಯದರಲ್ಲಿ ಆ ರಕ್ಷಣೆ ಇಲ್ಲ.

ಷಡ್ಡಕನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಕೃತ್ತಿಕಾ ನಕ್ಷತ್ರ, ಮೊದಲ ಪಾದ. ಹೆಸರು ‘ಅ’ದಿಂದ ಶುರುವಾಗಬೇಕು. “ಯಾರೂ ಇಟ್ಟಿರಬಾರದು, ಅಂಥದ್ದು ಹೇಳಿ ದೊಡ್ಡಪ್ಪ” ಎಂದಳು ಬಾಣಂತಿ. ಸಾನ್ವಿ, ತನ್ವಿಯರು ಈಗ ಮನೆಮನೆಯಲ್ಲೂ ಇದ್ದಾರೆ. ಮಾನ್ವಿ ಎಂದರಂತೂ ನನಗೆ ರಾಯಚೂರು ಕಡೆಯ ಬಸ್ಸಿನ ಬೋರ್ಡೇ ಕಣ್ಣಿಗೆ ಕಟ್ಟುತ್ತದೆ. ಎದೆಯುಬ್ಬಿಸಿ ಹೇಳಿದೆ: “ಅತ್ತಿಮಬ್ಬೆ!”

ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು.

“ಯಾರ ಅತ್ತೆ?” ಎಂದರು ಕಿವಿ ಮಂದವಾದ ಅಜ್ಜಿ.

ಕೇಳಿದವರಿಗೂ ಕೇಳದವರಿಗೂ ಸೇರಿಸಿ ಪಾಠ ಶುರುಮಾಡಿದೆ. ಅಚ್ಚುಕೂಟವೇ ಇಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಾಕೆ. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಾಕೆ. ‘ದಾನಚಿಂತಾಮಣಿ’ ಎಂದು ಬಿರುದು ಹೊತ್ತಾಕೆ. ರನ್ನ ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದ. ಅಷ್ಟು ಸಾಲದೆಂದು ತನ್ನ ಮಗಳಿಗೂ ಅದೇ ಹೆಸರಿಟ್ಟ. “ಮಹಾಕವಿಯೇ ಆರಿಸಿದ ಹೆಸರು!”

“ಆ ಮಗು ಕಾನ್ವೆಂಟಿಗೆ ಹೋಗಬೇಕಿರಲಿಲ್ಲವಲ್ಲ” ಎಂದ ಮಗುವಿನ ಅಪ್ಪ.

ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರು. ಷಡ್ಡಕನಿಗೆ ‘ಅತ್ತಿ’ ಎಂದೊಡನೆ ಹಣ್ಣು ಬಿಡಿಸಿದರೆ ಕಾಣುವ ಹುಳ ನೆನಪಾಯಿತು. ಅವನ ಹೆಂಡತಿಗೆ ‘ಅಬ್ಬೆ’ ಎಂದರೆ ಮಡಿಕೇರಿಯ ಜಲಪಾತ, ಹನಿಮೂನಿನಲ್ಲಿ ಅಲ್ಲಿ ಹತ್ತಿದ ಜಿಗಣೆ. ಅಮೆರಿಕದಿಂದ ವಿಡಿಯೊ ಕಾಲಿನಲ್ಲಿದ್ದ ಸೋದರತ್ತೆ, “ಇಲ್ಲಿಯವರು ಆಟಿಮ್ಯಾಬ್ ಅಂತಾರೆ. ಹೊಸ ಇಂಜೆಕ್ಷನ್ ಬಂತೇನೋ ಅಂದ್ಕೋತಾರೆ” ಎಂದರು. ಕಡೆಗೆ ನನ್ನ ಹೆಂಡತಿಯೂ ಕೈಬಿಟ್ಟಳು. ಹೈಸ್ಕೂಲು ನಾಟಕದಲ್ಲಿ ಅತ್ತಿಮಬ್ಬೆಯ ಪಾರ್ಟು ಅವಳ ಕೈತಪ್ಪಿ ಹೆಡ್‌ಮಾಸ್ಟರ ಮಗಳಿಗೆ ಹೋಗಿತ್ತಂತೆ. ಸಾವಿರ ವರ್ಷದ ಹಿರಿಮೆ ಒಂದು ಹುಳ, ಒಂದು ಜಿಗಣೆ, ಒಂದು ನಾಟಕದ ಮುಂದೆ ನಿಲ್ಲಲಿಲ್ಲ.

“ಬೇರೆ ಏನಾದರೂ...?” ಎಂದಳು ಬಾಣಂತಿ, ಮೆತ್ತಗೆ.

ನನ್ನ ಬತ್ತಳಿಕೆ ಬರಿದಾಗಿರಲಿಲ್ಲ. “ರನ್ನನ ತಾಯಿ ಅಬ್ಬಲಬ್ಬೆ. ಪಂಪನ ತಾಯಿ ಅಬ್ಬಣಬ್ಬೆ. ಎರಡೂ ‘ಅ’ದಿಂದಲೇ!”

ಮಗು ಕಿಟಾರನೆ ಕಿರುಚಿತು. “ಅತ್ತಿಮಬ್ಬೆಗೆ ಗುಂಡಮಬ್ಬೆ ಅಂತ ತಂಗಿಯೂ ಇದ್ದಳು” ಎಂದು ಸೇರಿಸಿದೆ. “ಅದು ‘ಅ’ದಿಂದ ಬರಲ್ಲ” ಎಂದು ಬಾಣಂತಿ ಕೃತ್ತಿಕೆಗೆ ಅಲ್ಲೇ ಕೈಮುಗಿದಳು.

ಆದರೂ ಹಿರಿಯನ ಮಾತು ತೆಗೆದುಹಾಕಬಾರದೆಂದು ಒಂದು ರಾಜಿಯಾಯಿತು. ನಾಮಕರಣದಲ್ಲಿ ನಕ್ಷತ್ರದ ಹೆಸರು, ಮಾಸದ ಹೆಸರು ಎಂದೆಲ್ಲ ಇರುತ್ತವಲ್ಲ, ಆ ಗುಂಪಿನಲ್ಲಿ ಇದೂ ಒಂದಿರಲಿ, ದೊಡ್ಡಪ್ಪನೇ ಬರೆಯಲಿ. ಬೆರಳಿನ ಉಂಗುರ ಬಿಚ್ಚಿ ತಟ್ಟೆಯ ಅಕ್ಕಿಯಲ್ಲಿ ಬರೆಯಲು ಕೂತೆ. ತಟ್ಟೆ ಸಣ್ಣದು, ಹೆಸರಿಗೆ ಒತ್ತು ಎರಡು. ‘ಬ್ಬೆ’ಗೆ ಜಾಗ ಮಾಡಲು ಅಕ್ಕಿಯನ್ನು ಒತ್ತರಿಸಿದೆ ನೋಡಿ, ಅದು ಜರುಗಿ ‘ತ್ತಿ’ಯ ಒತ್ತನ್ನು ಮುಚ್ಚಿಹಾಕಿತು. ಪಕ್ಕದ ಮನೆಯಾಕೆ ಬಗ್ಗಿ ಗಟ್ಟಿಯಾಗಿ ಓದಿದರು: “ಅತಿ... ಮಬ್ಬೆ? ಅಯ್ಯೋ, ಮಗು ಚುರುಕಾಗೇ ಇದೆಯಲ್ರೀ!”

ಅಜ್ಜಿಗೆ ಇದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಂಗೈಯಿಂದ ಅಕ್ಕಿ ಸವರಿ, ತಮ್ಮ ಬೆರಳಲ್ಲೇ ‘ಅನ್ವಿ’ ಎಂದು ಬರೆದರು. ಒತ್ತು ಒಂದೇ, ತಟ್ಟೆಯಲ್ಲಿ ಇನ್ನೂ ಜಾಗ ಉಳಿಯಿತು. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಒಂದು ವರ್ಷ ಶುಲ್ಕವಿಲ್ಲದ ಅವಕಾಶವಿದೆ, ಅವಸರ ಬೇಡ ಎಂದೆ. ಮಗುವಿನ ಅಪ್ಪ, “ಇಲ್ಲ ದೊಡ್ಡಪ್ಪ, ನಾಳೆ ಬೆಳಿಗ್ಗೆ ಆಫೀಸು ತೆಗೆಯೋ ಹೊತ್ತಿಗೆ ಅಲ್ಲಿರ್ತೀನಿ” ಎಂದ.

ಊಟ ಮುಗಿಸಿ ಕೈ ತೊಳೆಯುವಾಗ ನೋಡುತ್ತೇನೆ, ಬೆರಳು ಬೋಳು. ಉಂಗುರ ಅಕ್ಕಿಯಲ್ಲೇ ಉಳಿದಿತ್ತು. ಅಕ್ಕಿ ತಾಂಬೂಲ, ದಕ್ಷಿಣೆ ಸಮೇತ ಪುರೋಹಿತರ ಚೀಲ ಸೇರಿತ್ತು. ಚೀಲ ಸ್ಕೂಟರೇರಿ ಇನ್ನೊಂದು ನಾಮಕರಣಕ್ಕೆ ಹೊರಟುಹೋಗಿತ್ತು.

ಹೆಂಡತಿ ಬಂಗಾರದ ಇವತ್ತಿನ ರೇಟನ್ನು ಮನಸ್ಸಿನಲ್ಲೇ ಗುಣಿಸಿ ಮುಗಿಸಿ, ಎಲ್ಲರ ಎದುರಿಗೆ ಅಂದಳು: “ಹೆಸರು ಮಗುವಿಗೆ ದಕ್ಕಲಿಲ್ಲ, ಬಿರುದು ನಿಮಗೆ ದಕ್ಕಿತು. ಏಳಿ, ಮನೆಗೆ ಹೋಗೋಣ, ದಾನಚಿಂತಾಮಣಿ!”