ಬಫರ್ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಮೊದಲು ಮಂಗಳಾಚರಣೆ ಇರಬೇಕೆಂಬುದು ಹಿರಿಯರ ಮತ. ಬೆಂಗಳೂರಿನ ನಗರಯೋಜನಾಶಾಸ್ತ್ರದಲ್ಲಿ ಆ ಜಾಗವನ್ನು ಗುದ್ದಲಿಪೂಜೆ ಒತ್ತುವರಿ ಮಾಡಿಕೊಂಡಿದೆ. ಮೊದಲು ತೆಂಗಿನಕಾಯಿ ಒಡೆದು ಆಮೇಲೆ ಸರ್ವೆ ನಂಬರು ಹುಡುಕುವುದು ಸಂಪ್ರದಾಯವಾದ್ದರಿಂದ ಈ ಪ್ರಬಂಧವೂ ತೀರ್ಮಾನದಿಂದಲೇ ಹೊರಡುತ್ತದೆ: ಅಭಿವೃದ್ಧಿಗೂ ಬಯಲಿಗೂ ನಡುವೆ ಸಮತೋಲನ ಖಂಡಿತ ಸಾಧ್ಯ, ಟೇಪು ಹಿಡಿದವರು ಮನಸ್ಸು ಮಾಡಿದರೆ.

ಪ್ರಥಮ ಸೂತ್ರ: 'ಬತ್ತಿದ ಕೆರೆ ನಿವೇಶನ.' ಇದರ ಭಾಷ್ಯಕ್ಕೆ ಓಲೆಗರಿ ತಡಕಬೇಕಾಗಿಲ್ಲ, ಬಿಎಂಟಿಸಿಯ ದಿನದ ಪಾಸು ಸಾಕು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಕೆರೆ ಹೋದರೂ ಅದರ ಏರಿ ಮಾತ್ರ 'ಟ್ಯಾಂಕ್ ಬಂಡ್ ರಸ್ತೆ' ಎಂಬ ಬೋರ್ಡಿನಲ್ಲಿ ಭದ್ರವಾಗಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾಗ್ರಾಮ. ಕೆರೆಯ ಸಹಜ ವಿಕಾಸದ ಕೊನೆಯ ಹಂತ ಕ್ರೀಡೆ ಎಂಬುದು ಇದರಿಂದ ಸಿದ್ಧವಾಯಿತು. ಕೆರೆಯಲ್ಲಿ ಮೊದಲಿನಿಂದ ಆಡುತ್ತಿದ್ದ ಒಂದೇ ಆಟ ಈಜು. ಅದು ಈ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳುವವರನ್ನು ಶಾಸ್ತ್ರವು ವಿತಂಡವಾದಿಗಳ ಸಾಲಿಗೆ ಸೇರಿಸುತ್ತದೆ.

ಸಂಪಂಗಿಯಲ್ಲಿ ಈ ಸೂತ್ರಕ್ಕೊಂದು ಅಪವಾದ ಸಿಕ್ಕುತ್ತದೆ. ಕ್ರೀಡಾಂಗಣದ ಮಗ್ಗುಲಲ್ಲಿ ಇನ್ನೂ ಒಂದು ಪುಟ್ಟ ಕಲ್ಯಾಣಿ ಉಳಿದಿದೆ. ಒಂದು ಕಾಲಕ್ಕೆ ಇದೇ ಕೆರೆಯ ನೀರು ನಂಬಿ ತೋಟ ಮಾಡುತ್ತಿದ್ದ ತಿಗಳ ಸಮುದಾಯದವರು ಕರಗದ ವಿಧಿಗಳಿಗೆ ಈಗಲೂ ಇಲ್ಲಿಗೆ ಬರುತ್ತಾರೆ. ಯಾವ ಇಲಾಖೆಯ ಕೈಲೂ ಆಗದ್ದನ್ನು ಕರಗದ ದೇವತೆ ದ್ರೌಪದಮ್ಮ ಒಬ್ಬಳೇ ಮಾಡಿದ್ದಾಳೆ. ಆದರೆ ಅವಳಿಗೂ ಸಿಕ್ಕಿದ್ದು ಕೆರೆಯಲ್ಲ, ಅದರ ಒಂದು ಮೂಲೆ.

ಈಗ ಪೂರ್ವಪಕ್ಷ. ಎನ್. ಲಕ್ಷ್ಮಣ ರಾವ್ ನೇತೃತ್ವದ ಸಮಿತಿ 1986ರಲ್ಲಿ ಕೊಟ್ಟ ವರದಿಯ ಸಾರವಿಷ್ಟು: ಇರುವ ಕೆರೆಗಳನ್ನು ಒಡೆಯಬೇಡಿ, ಕೆರೆಯಾಗಿಯೇ ಇಟ್ಟುಕೊಳ್ಳಿ. ವಿದ್ವತ್ಪೂರ್ಣವಾದ ಮಾತು. ಮೇಲೆ ಹೇಳಿದ ಕ್ರೀಡಾಗ್ರಾಮವನ್ನು ಇದಕ್ಕೆ ಇಟ್ಟಿಗೆ ಸಿಮೆಂಟಿನಲ್ಲಿ ಬರೆದ ಉತ್ತರಪಕ್ಷವೆಂದು ತಿಳಿಯತಕ್ಕದ್ದು.

ಶಾಸ್ತ್ರದ ನಿಜವಾದ ಸೂಕ್ಷ್ಮ ಇರುವುದು ಮೀಟರ್ ಪ್ರಕರಣದಲ್ಲಿ. ಕೆರೆಯಂಚಿನಿಂದ ಎಷ್ಟು ದೂರ ಕಟ್ಟಡ ಕಟ್ಟಬಾರದು, ಅಂದರೆ ಬಫರ್ ಎಷ್ಟು? 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಾಸ್ಟರ್ ಪ್ಲಾನ್ ಪ್ರಕಾರ 30 ಮೀಟರ್. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗಿನಲ್ಲಿ ಏಳುತ್ತಿದ್ದ ಕಟ್ಟಡಗಳ ವ್ಯಾಜ್ಯ ಹಸಿರು ನ್ಯಾಯಮಂಡಳಿಗೆ ಹೋದಾಗ, 2016ರ ಮೇ ತಿಂಗಳಲ್ಲಿ ಅದು 75 ಮೀಟರ್ ಎಂದಿತು. ಮಾಸ್ಟರ್ ಪ್ಲಾನನ್ನು ತಿದ್ದುವುದು ನ್ಯಾಯಮಂಡಳಿಯ ಕೆಲಸವಲ್ಲ ಎಂದ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ಪುನಃ 30ಕ್ಕೆ ತಂದಿತು. ಮೂರು ವರ್ಷ ತುಂಬುವುದರೊಳಗೆ ಬೆಂಗಳೂರಿನ ಕೆರೆಗಳ ಬಫರ್ 45 ಮೀಟರ್ ಮುಂದಕ್ಕೆ ಹೋಗಿ 45 ಮೀಟರ್ ಹಿಂದಕ್ಕೆ ಬಂದಿದೆ. ಅದೇ ಕೆರೆಯ ಆಮೆಯೂ ಅಷ್ಟು ಓಡಾಡಿರಲಾರದು. ಕೆರೆಯ ವಿಸ್ತೀರ್ಣ ನೋಡಿ ಬಫರ್ ಗೊತ್ತುಮಾಡುವ, ಅಂದರೆ ಸಣ್ಣ ಕೆರೆಗೆ ಸಣ್ಣ ಅಂಚು ಸಾಕೆನ್ನುವ ತಿದ್ದುಪಡಿ ಮಸೂದೆಗೆ 2025ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಬಡವನ ಮನೆಗೆ ಗಿಡ್ಡ ಬಾಗಿಲು ಸಾಕೆಂಬ ನ್ಯಾಯ ಇದರ ಹಿಂದಿದೆ.

ರಾಜಕಾಲುವೆಯ ವಿಷಯ ಇನ್ನೂ ಗಹನ. ಇಲ್ಲಿ ವಿದ್ವಾಂಸರಲ್ಲಿ ನಡುವಾದಿಗಳು, ಅಂಚುವಾದಿಗಳು ಎಂಬ ಎರಡು ಪಂಥಗಳಿವೆ. ಮಾಸ್ಟರ್ ಪ್ಲಾನ್ ನಡುವಾದಿ: ದೊಡ್ಡ, ಮಧ್ಯಮ, ಸಣ್ಣ ಕಾಲುವೆಗಳಿಗೆ 50, 25, 15 ಮೀಟರ್, ಕಾಲುವೆಯ ನಡುವಿನಿಂದ ಅಳೆದು. ನ್ಯಾಯಮಂಡಳಿ ಅಂಚುವಾದಿ: 50, 35, 25 ಮೀಟರ್, ಕಾಲುವೆಯ ಅಂಚಿನಿಂದ. ಎರಡರಲ್ಲೂ ದೊಡ್ಡ ಕಾಲುವೆಗೆ 50 ಇದ್ದಮೇಲೆ ಜಗಳವೇಕೆ ಎಂದು ಪಾಮರರು ಕೇಳಬಹುದು. ಕಾಲುವೆ 20 ಮೀಟರ್ ಅಗಲವಿದ್ದರೆ ನಡುವಿನಿಂದ ಅಳೆದ 50ರಲ್ಲಿ 10 ಮೀಟರ್ ಕಾಲುವೆಯೊಳಗೇ ಮುಳುಗಿಹೋಗುತ್ತದೆ, ದಡಕ್ಕೆ ಉಳಿಯುವುದು 40. ಆ 10 ಮೀಟರಿನಲ್ಲಿ ಒಂದು ಪಾರ್ಕಿಂಗು, ಒಂದು ಕಾಂಪೌಂಡು, ಅದೃಷ್ಟವಿದ್ದರೆ ಒಂದು ಜಿಮ್ ಕೂಡ ಹಿಡಿಸುತ್ತದೆ.

ನೀರು ಯಾವ ಪಂಥಕ್ಕೆ ಸೇರಿದ್ದೆಂಬುದು 2022ರ ಸೆಪ್ಟೆಂಬರ್‌ನಲ್ಲಿ ತಿಳಿಯಿತು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಏರು ತಗ್ಗಿನ ನೆಲದಲ್ಲಿ ಹಿಂದಿನವರು ಕೆರೆಗೆ ಕೆರೆ ಪೋಣಿಸಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ಮಳೆಗಾಲದಲ್ಲಿ ಕೋಡಿ ನೀರು ಯಾವ ತೀರ್ಪನ್ನೂ ಓದದೆ ಹೊರ ವರ್ತುಲ ರಸ್ತೆಗೂ ಯಮಲೂರಿನ ವಿಲ್ಲಾಗಳ ನಡುಮನೆಗೂ ನುಗ್ಗಿತು. ಸಾಫ್ಟ್‌ವೇರ್ ಕಂಪನಿಯವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ತಗ್ಗಿನ ಗದ್ದೆಗಳು ಬಡಾವಣೆಗಳಾದ ಮೇಲೆ ಆ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಸಿಕ್ಕ ದೊಡ್ಡ ಗೌರವ ಇದೇ ಇರಬೇಕು.

ಉದ್ಯಾನ ಪ್ರಕರಣ ಚಿಕ್ಕದು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಬಯಲೂ ಆರೋಗ್ಯಕ್ಕೆ ಬೇಕಾದ್ದೇ ಎಂಬ ವಾದ ಗೆದ್ದ ಅಪರೂಪದ ಉದಾಹರಣೆಯಾದ್ದರಿಂದ ಶಾಸ್ತ್ರಕಾರರು ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದಾರೆ.

ಜೀವಿಪ್ರಕರಣದಲ್ಲಿ ಮುಖ್ಯ ತೊಡಕು ಹುಲ್ಲಿನದು. ಮರವಿದ್ದರೆ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳಬಹುದು. ಮೊಣಕಾಲುದ್ದದ ಹುಲ್ಲನ್ನು ಏನು ಮಾಡುವುದು? ಹೆಸರಘಟ್ಟದ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ದೂರದೇಶದ ಬೇಟೆಹಕ್ಕಿಗಳು ಬಂದು ನೆಲದ ಮೇಲೇ ರಾತ್ರಿ ಕಳೆಯುತ್ತವೆ. ನೋಡುವವರಿಗೆ ಮಾತ್ರ ಅದು ಬರೀ ಬಯಲು. ಹಾಗಾಗಿ ಅಲ್ಲಿ ಚಿತ್ರನಗರಿ ಕಟ್ಟುವ ಪ್ರಸ್ತಾವವೂ ಒಮ್ಮೆ ಬಂದಿತ್ತು. ಐದು ಸಾವಿರ ಎಕರೆಗೂ ಮಿಕ್ಕ ಈ ನೆಲವನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು, 2024ರಲ್ಲಿ ಒಪ್ಪಿತು. ನಡುವಿನ ಮೂರು ವರ್ಷದಲ್ಲಿ ಹುಲ್ಲೇನೂ ಬೇರೆ ಜಾತಿಯದಾಗಿರಲಿಲ್ಲ.

ಇನ್ನು ಕಾಡುಪಾಪ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇನ್ನೂ ಉಳಿದಿರುವ ಈ ನಿಶಾಚರಿ ಕೊಂಬೆಯಿಂದ ಕೊಂಬೆಗೆ ಕೈಯಿಟ್ಟು ಕೈಯಿಟ್ಟು ನಡೆಯುತ್ತದೆ; ಜಿಗಿಯುವ ಜಾಯಮಾನ ಅದಕ್ಕಿಲ್ಲ. ಕೊಂಬೆಗಳ ನಡುವೆ ರಸ್ತೆಯಗಲದ ಬಿರುಕು ಬಿದ್ದರೆ ಅದರ ಲೋಕ ಅಲ್ಲಿಗೇ ಮುಗಿಯಿತು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಡುವ ಸಮೀಕರಣ ಎಡಕ್ಕೂ ಬಲಕ್ಕೂ ಸರಿಹೊಂದುತ್ತದೆ, ಕಾಡುಪಾಪಕ್ಕೆ ಮಾತ್ರ ಹೊಂದುವುದಿಲ್ಲ. ಹತ್ತೂ ಸಸಿ ಊರಾಚೆ ಎಲ್ಲೋ ಬೆಳೆಯುತ್ತಿರುತ್ತವೆ, ಇದು ಇಲ್ಲೇ ಕೊಂಬೆಯ ತುದಿಯಲ್ಲಿ ಕೂತಿರುತ್ತದೆ.

ಈ ಎಲ್ಲ ಸಂಶಯಗಳ ಪರಿಹಾರವನ್ನು ಮುಂದಿನ ಮಾಸ್ಟರ್ ಪ್ಲಾನಿಗೆ ಬಿಡುವುದು ಶಾಸ್ತ್ರದ ಪದ್ಧತಿ. 2031ರ ವರೆಗಿನ ಯೋಜನೆಯ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಅದನ್ನು ವಾಪಸ್ ಪಡೆಯಲಾಯಿತು. ಹೀಗಾಗಿ 2015 ಮುಗಿದು ಎಷ್ಟೋ ವರ್ಷವಾದ ಮೇಲೂ ಬೆಂಗಳೂರಿಗರು ಮನೆಯ ನಕ್ಷೆ ಮಂಜೂರು ಮಾಡಿಸಿಕೊಂಡದ್ದು 2007ರಲ್ಲಿ ಜಾರಿಗೆ ಬಂದ, 2015ರ ವರೆಗಿನ ಆ ಹಳೆಯ ಯೋಜನೆಯ ಪ್ರಕಾರವೇ.