ಐದು ಫೋನು, ಆರು ದಾರಿ

ಮೆಜೆಸ್ಟಿಕ್‌ನಲ್ಲಿ ನಿಂತು ‘ಈ ಬಸ್ಸು ಬನಶಂಕರಿಗೆ ಹೋಗುತ್ತಾ?’ ಎಂದು ಯಾರನ್ನಾದರೂ ಕೇಳಿ ನೋಡಿ. ಕೇಳಿದ್ದು ಒಬ್ಬರನ್ನು, ಉತ್ತರ ಬರುವುದು ನಾಲ್ವರಿಂದ. ಒಬ್ಬರು ನಂಬರು ಹೇಳುತ್ತಾರೆ, ಇನ್ನೊಬ್ಬರು ಆ ನಂಬರು ಈಗ ಓಡುತ್ತಿಲ್ಲ ಎನ್ನುತ್ತಾರೆ, ಮೂರನೆಯವರು ಮೆಟ್ರೊ ಹಿಡೀರಿ ಎಂದು ಬುದ್ಧಿ ಹೇಳುತ್ತಾರೆ, ನಾಲ್ಕನೆಯವರು ಈ ಹೊತ್ತಲ್ಲಿ ನಿಮಗೆ ಅಲ್ಲೇನು ಕೆಲಸ ಎಂದು ವಿಚಾರಿಸಿಕೊಳ್ಳುತ್ತಾರೆ. ಇಂಥ ಊರಿನಿಂದ ಹೊರಟ ಐವರು ಗೆಳೆಯರು ಬರ್ಲಿನ್‌ನಲ್ಲಿ ಕಾಲಿಟ್ಟ ತಕ್ಷಣ ಬಾಯಿಗೆ ಬೀಗ ಜಡಿದುಕೊಳ್ಳುತ್ತಾರೆ. ಕೇಳಿದರೆ ಗೊತ್ತಿಲ್ಲದವರು ಎಂದು ಗೊತ್ತಾಗಿಬಿಡುತ್ತದಲ್ಲ! ಎಲ್ಲರೂ ಫೋನು ತೆಗೆಯುತ್ತಾರೆ. ಐದು ಫೋನು ಆರು ದಾರಿ ತೋರಿಸುತ್ತವೆ. ಆರನೆಯದು ನಾಯಕರ ಎಕ್ಸೆಲ್ ಶೀಟಿನದು.

ಗುಂಪು ಎಂದ ಮೇಲೆ ಒಬ್ಬ ನಾಯಕರು ಇರಲೇಬೇಕು. ಅವರನ್ನು ಯಾರೂ ಆರಿಸಿರುವುದಿಲ್ಲ. ಉಳಿದವರಿಗಿಂತ ಎರಡು ಯೂಟ್ಯೂಬ್ ವಿಡಿಯೊ ಹೆಚ್ಚು ನೋಡಿದ್ದಕ್ಕೆ ಒಲಿದ ಪದವಿ ಅದು. ಬರ್ಲಿನ್ನಿನ ಮೆಟ್ರೊ ನಿಲ್ದಾಣದಲ್ಲಿ ಗೇಟಿಲ್ಲ, ತಪಾಸಣೆಯಿಲ್ಲ, ಕಂಡಕ್ಟರ್ ಇಲ್ಲ. ಮೆಟ್ಟಿಲಿಳಿದರೆ ನೇರ ರೈಲು. ನಾಯಕರ ಕಣ್ಣು ತೇವವಾಗುತ್ತದೆ. ‘ನಂಬಿಕೆ ಕಣ್ರೋ, ನಂಬಿಕೆ! ನಮ್ಮ ಜನಕ್ಕೆ ಈ ಶಿಸ್ತು ಯಾವ ಕಾಲಕ್ಕೆ ಬರುತ್ತೆ?’ ಎಂಬ ಭಾಷಣ ಎರಡು ನಿಲ್ದಾಣ ದಾಟುತ್ತದೆ. ಮೂರನೆಯ ನಿಲ್ದಾಣದಲ್ಲಿ ಬಾಗಿಲು ಮುಚ್ಚಿದ ಕೂಡಲೇ, ಅಷ್ಟು ಹೊತ್ತು ಜೀನ್ಸು-ಜಾಕೀಟು ಹಾಕಿಕೊಂಡು ಪಕ್ಕದಲ್ಲಿ ಆಕಳಿಸುತ್ತಿದ್ದ ಇಬ್ಬರು ಎದ್ದು ನಿಂತು ಗುರುತಿನ ಚೀಟಿ ತೋರಿಸುತ್ತಾರೆ. ಆ ದೇಶದ ನಂಬಿಕೆ ಮಫ್ತಿಯಲ್ಲಿ ಓಡಾಡುತ್ತದೆ.

ಟಿಕೆಟ್ ಇದೆಯಲ್ಲ, ಭಯವೇಕೆ? ನಾಯಕರು ಐದನ್ನೂ ಬೀಸಣಿಗೆ ಬಿಚ್ಚಿದಂತೆ ಬಿಚ್ಚಿ ತೋರಿಸುತ್ತಾರೆ. ಆ ಇಬ್ಬರು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸುತ್ತಾರೆ. ಕೊಂಡ ಕಾಗದದ ಟಿಕೆಟ್ಟನ್ನು ಪ್ಲಾಟ್‌ಫಾರಂನಲ್ಲಿರುವ ಪುಟ್ಟ ಪೆಟ್ಟಿಗೆಯ ಬಾಯಿಗೆ ತುರುಕಿ ಮುದ್ರೆ ಹೊಡೆಸಬೇಕು. ಹೊಡೆಸದಿದ್ದರೆ ಅದು ಟಿಕೆಟ್ಟೇ ಅಲ್ಲ. ದಂಡ ತಲೆಗೆ 60 ಯೂರೊ. ಐದು ತಲೆಗೆ 300. ನಾವು ಪ್ರವಾಸಿಗರು, ಗೊತ್ತಿರಲಿಲ್ಲ, ಇಂಡಿಯಾದಿಂದ ಬಂದವರು, ಯೋಗದ ನಾಡಿನವರು ಎಂದೆಲ್ಲ ಹೇಳಿದರೂ ಅವರ ಕೈಯ ಯಂತ್ರದಿಂದ ರಸೀದಿ ಬರುತ್ತಲೇ ಇರುತ್ತದೆ. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೂ ಇದೇ ಶಾಸ್ತ್ರ. ನಮ್ಮಲ್ಲಿ ನೋಡಿ, 2023ರ ಜೂನ್‌ನಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಆ ಉಚಿತ ಪ್ರಯಾಣಕ್ಕೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೈಗಿಡುತ್ತಾರೆ. ಯೂರೋಪಿನಲ್ಲಿ ದುಡ್ಡು ತೆತ್ತು ಕೊಂಡ ಟಿಕೆಟ್ಟೇ ಪ್ರಯಾಣಿಕನನ್ನು ಕಳ್ಳನನ್ನಾಗಿಸುತ್ತದೆ. ‘ಮುಂದೆ ಹೋಗ್ರೀ, ಒಳಗೆ ಖಾಲಿ ಇದೆ’ ಎಂದು ಗದರುತ್ತ, ಚಿಲ್ಲರೆಯನ್ನು ಟಿಕೆಟ್ ಹಿಂದೆ ಬರೆದು ಕೊಟ್ಟು, ನಮ್ಮ ಸ್ಟಾಪು ಬಂದಾಗ ನಮಗಿಂತ ಮೊದಲೇ ಕೂಗುವ ಆ ಮನುಷ್ಯನ ಬೆಲೆ ಎಷ್ಟು ಎಂಬ ಲೆಕ್ಕ ನಾಯಕರ ಎಕ್ಸೆಲ್ ಶೀಟಿನಲ್ಲಿ ಇಲ್ಲ.

ಇಷ್ಟಾದರೂ ಗುಂಪು ಒಡೆದಿರುವುದಿಲ್ಲ. ಅದಕ್ಕೆ ಸ್ವಿಟ್ಜರ್ಲೆಂಡಿಗೇ ಹೋಗಬೇಕು.

ಇಂಟರ್‌ಲಾಕನ್ ಓಸ್ಟ್ ನಿಲ್ದಾಣದಿಂದ ಬೆಟ್ಟದ ಕಡೆಗೆ ಹೊರಡುವ ರೈಲು ನೋಡಲು ಒಂದು, ಒಳಗೆ ಎರಡು. ತ್ಸ್ವೈಲ್ಯೂಚಿನೆನ್ ಎಂಬಲ್ಲಿ ಅದು ತುಂಡಾಗಿ ಒಂದು ತುಂಡು ಲೌಟರ್‌ಬ್ರುನೆನ್‌ಗೂ ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೂ ಹೋಗುತ್ತದೆ. ಬೋಗಿಯ ಮೇಲೆ ಬರೆದಿರುತ್ತದೆ, ಒಳಗೆ ಹೇಳುತ್ತಲೂ ಇರುತ್ತಾರೆ. ಆದರೆ ರೀಲ್ಸ್ ಮಾಡುತ್ತಿರುವವರಿಗೆ ಹಿನ್ನೆಲೆ ಸಂಗೀತವಲ್ಲದೆ ಬೇರೇನೂ ಕೇಳಿಸುವುದಿಲ್ಲ. ಕಿಟಕಿ ಸೀಟಿನ ಆಸೆಗೆ ಮೂವರು ಮುಂದೆ, ಇಬ್ಬರು ಹಿಂದೆ. ಬಿಳಿ ಲ್ಯೂಚಿನೆ, ಕಪ್ಪು ಲ್ಯೂಚಿನೆ ಎಂಬ ಎರಡು ಹೊಳೆಗಳು ಕೂಡುವ ಆ ಊರಿನಲ್ಲೇ ನಮ್ಮ ಮಿತ್ರಮಂಡಳಿ ಹೋಳಾಗುತ್ತದೆ. ಐವರ ಟಿಕೆಟ್ಟೂ ಖಜಾಂಚಿಯ ಫೋನಿನಲ್ಲಿ. ಖಜಾಂಚಿ ಗ್ರಿಂಡೆಲ್‌ವಾಲ್ಡ್ ದಿಕ್ಕಿಗೆ. ಟಿಕೆಟ್ ಕೇಳುವವರು ಬಂದದ್ದು ಲೌಟರ್‌ಬ್ರುನೆನ್ ಬೋಗಿಗೆ.

ಮುಂದಿನ ಅರ್ಧ ಗಂಟೆ ‘ನೀವೇ ವಾಪಸು ಬನ್ನಿ’ ‘ನಾವ್ಯಾಕೆ ಬರಬೇಕು, ನೀವು ಬನ್ನಿ’ ಎಂಬ ದ್ವಿಪಕ್ಷೀಯ ಮಾತುಕತೆ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅಂತಾರೆ, ಐವರೇ ಸಾಕು. ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ನಿಲ್ದಾಣದ ಯಾವ ಅಜ್ಜಿಯಾದರೂ ಹೇಳುತ್ತಿದ್ದರು: ಎರಡೂ ಕಡೆಯ ಹಳಿಗಳು ಬೆಟ್ಟ ಹತ್ತಿ ಕ್ಲೈನ್ ಶೈಡೆಗ್‌ನಲ್ಲಿ ಸೇರುತ್ತವೆ. 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ 1912ರಿಂದಲೂ ರೈಲು ಹೊರಡುವುದು ಅಲ್ಲಿಂದಲೇ. ಸುಮ್ಮನೆ ಮುಂದಕ್ಕೆ ಹೋಗಿದ್ದರೆ ಹಿಮದ ನಡುವೆ ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳಬಹುದಿತ್ತು. ಬದಲಿಗೆ ಎರಡೂ ಪಕ್ಷದವರು ಏಕಕಾಲಕ್ಕೆ ತ್ಯಾಗಮನೋಭಾವ ತಾಳಿ ಹಿಂದಿರುಗುತ್ತಾರೆ. ಹಿಂದಿರುಗುವ ತುಂಡುಗಳೂ ಅದೇ ತ್ಸ್ವೈಲ್ಯೂಚಿನೆನ್‌ನಲ್ಲಿ ಕೂಡಿಕೊಳ್ಳುತ್ತವೆ. ಗುಂಪನ್ನು ರೈಲೇ ಒಂದು ಮಾಡಿ, ಬೆಳಿಗ್ಗೆ ಹೊರಟ ಇಂಟರ್‌ಲಾಕನ್‌ಗೆ ತಂದು ಇಳಿಸುತ್ತದೆ.

ನಿಲ್ದಾಣದ ಗಡಿಯಾರ ನೋಡಿ. ಹಾನ್ಸ್ ಹಿಲ್ಫಿಕರ್ ರೂಪಿಸಿದ ಆ ಪ್ರಸಿದ್ಧ ಸ್ವಿಸ್ ಗಡಿಯಾರದ ಕೆಂಪು ಸೆಕೆಂಡ್ ಮುಳ್ಳು ಒಂದೆರಡು ಸೆಕೆಂಡು ಮೊದಲೇ ಸುತ್ತು ಮುಗಿಸಿ, 12ರ ಮೇಲೆ ನಿಂತು, ನಿಮಿಷದ ಸಂಕೇತ ಬಂದ ಮೇಲೆ ಮುಂದೆ ಸರಿಯುತ್ತದೆ. ಆ ದೇಶದಲ್ಲಿ ಯಾರಿಗಾದರೂ ಕಾಯುವುದು ಅದೊಂದೇ.

ಬ್ಯಾಂಕಾಕ್‌ನಲ್ಲಿ ಕಥೆ ಉಲ್ಟಾ. ಅಲ್ಲಿ ಕೇಳದೆಯೇ ಹೇಳುವವರು ಸಿಗುತ್ತಾರೆ. ಗ್ರ್ಯಾಂಡ್ ಪ್ಯಾಲೆಸ್ ಹಾದಿಯಲ್ಲಿ ಇಸ್ತ್ರಿ ಅಂಗಿಯ ಸಜ್ಜನರೊಬ್ಬರು ಎದುರಾಗಿ ‘ಇವತ್ತು ಅರಮನೆ ಮುಚ್ಚಿದೆ, ಬೌದ್ಧ ಹಬ್ಬ’ ಎನ್ನುತ್ತಾರೆ. ಇಪ್ಪತ್ತು ಬಾತ್‌ಗೆ ಊರೆಲ್ಲ ತೋರಿಸುವ ಟುಕ್‌ಟುಕ್ ಕೂಡ ಅಲ್ಲೇ ನಿಂತಿರುತ್ತದೆ. ಅದು ನಿಲ್ಲುವುದು ಹರಳಿನ ಅಂಗಡಿಯ ಮುಂದೆ, ಆಮೇಲೆ ಸೂಟು ಹೊಲಿಯುವವನ ಮುಂದೆ. ಜಯನಗರದಲ್ಲಿ ‘ಒಂದೂವರೆ ಮೀಟರ್’ ಎಂದ ಆಟೊದವನಿಗೆ ಸಂವಿಧಾನ ಬೋಧಿಸುವ ನಾಯಕರು, ಅಲ್ಲಿ ಹೆಂಡತಿಗೆಂದು ನೀಲಮಣಿ ಕೊಂಡು ಅಗ್ಗವಾಯಿತು ಎಂದು ಬೀಗುತ್ತಾರೆ. ಅರಮನೆ ಅಂದೂ ಬೆಳಿಗ್ಗೆ 8:30ಕ್ಕೇ ತೆರೆದಿತ್ತು.

ಊರಿಗೆ ಬಂದ ಮೇಲೆ ದಂಡ, ನೀಲಮಣಿ, ವ್ಯರ್ಥವಾದ ಬೆಟ್ಟದ ಟಿಕೆಟ್ಟು ಎಲ್ಲವೂ ಖರ್ಚು ಹಂಚುವ ಆ್ಯಪಿಗೆ ಹೋಗುತ್ತವೆ. ನೀಲಮಣಿಯನ್ನು ಐದು ಪಾಲು ಮಾಡಬೇಕೆಂಬ ನಾಯಕರ ವಾದಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಯಾರೂ ಉತ್ತರಿಸಿಲ್ಲ. ಉಳಿದ ನಾಲ್ವರು ಈಗ ಬೇರೆ ಗುಂಪಿನಲ್ಲಿದ್ದಾರೆ.

ನಿಮ್ಮ ಗುಂಪೂ ಹೊರಡುವ ತಯಾರಿಯಲ್ಲಿದ್ದರೆ ಲಕ್ಸೆಂಬರ್ಗ್‌ಗೆ ಹೋಗಿ. 2020ರಿಂದ ಆ ಪುಟ್ಟ ದೇಶದ ಬಸ್ಸು, ಟ್ರಾಮು, ರೈಲು ಎಲ್ಲವೂ ಎಲ್ಲರಿಗೂ ಉಚಿತ, ಪ್ರವಾಸಿಗರಿಗೂ. ಟಿಕೆಟ್ ಬೇಕಿರುವುದು ರೈಲಿನ ಮೊದಲ ದರ್ಜೆಗೆ ಮಾತ್ರ. ಹತ್ತುವ ಮುನ್ನ ನಾಯಕರು ಯಾವ ಬೋಗಿಯ ಕಡೆ ನಡೆಯುತ್ತಿದ್ದಾರೆ, ಸ್ವಲ್ಪ ನೋಡಿಕೊಳ್ಳಿ.