ನೂತನ ಸಿಬ್ಬಂದಿ ಕೃತಕ ಬುದ್ಧಿಮತ್ತೆಯವರಿಗೆ

ಮಾನ್ಯರೇ,

ತಾವು ಸದ್ಯದಲ್ಲೇ ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಹಾಜರಾಗುತ್ತೀರೆಂದು ಪ್ರತಿ ವಿಚಾರ ಸಂಕಿರಣದಲ್ಲೂ, ಊಟಕ್ಕೆ ಸ್ವಲ್ಪ ಮೊದಲು, ಘೋಷಣೆಯಾಗುತ್ತಿದೆ. ಸುಸ್ವಾಗತ. ಬರುವಾಗ ಯುಪಿಎಸ್ ತನ್ನಿ. ಕುರ್ಚಿ ಕೇಳಬೇಡಿ, ಫ್ಯಾನಿನ ಕೆಳಗಿನವೆಲ್ಲ ಬೆಳಗ್ಗೆಯೇ ಕೆಪಿಎಸ್‌ಸಿಗೆ ಓದುವವರ ಪಾಲಾಗಿರುತ್ತವೆ.

ಸಂಬಳದ ಚಿಂತೆಯಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಅದು ಸ್ಥಳೀಯ ಸಂಸ್ಥೆಯ ಖಜಾನೆಯಿಂದ ಹೊರಟು ಗ್ರಂಥಾಲಯ ಮುಟ್ಟುವಷ್ಟರಲ್ಲಿ ತಮ್ಮ ಮೊಮ್ಮಕ್ಕಳು ಮಾರುಕಟ್ಟೆಗೆ ಬಂದಿರುತ್ತಾರೆ, ಅಷ್ಟೇ.

ತಮ್ಮ ಹಿರಿಯರೂ ಇಲ್ಲಿದ್ದಾರೆ. ಟಚ್‌ಸ್ಕ್ರೀನ್ ಇನ್ನೂ ಉದ್ಘಾಟನೆಯ ಹಾರ ತೆಗೆದಿಲ್ಲ. ಆರ್‌ಎಫ್‌ಐಡಿ ದ್ವಾರ ಕಾವಲಿಗೆ ನಿಂತಿದೆ, ಪುಸ್ತಕಗಳಿಗೆ ಚಿಪ್ ಅಂಟಿಸುವವರ ನೇಮಕವಾಗಿಲ್ಲ. (2020ರ ಫೆಬ್ರುವರಿಯಲ್ಲಿ ಬಂದ ಡಿಜಿಟಲ್ ಗ್ರಂಥಾಲಯಕ್ಕೆ ಮರುತಿಂಗಳೇ ಲಾಕ್‌ಡೌನ್ ಸಿಕ್ಕಿ ಕೈತುಂಬ ಕೆಲಸವಾಯಿತು. ಎಲ್ಲ ಯಂತ್ರಗಳಿಗೂ ಅಂಥ ಯೋಗವಿರುವುದಿಲ್ಲ.)

ತಮ್ಮ ಒಂದು ವಿದ್ಯೆ ಕೇಳಿ ಬೆರಗಾದೆ. ನಮ್ಮ ಮೇಲ್ವಿಚಾರಕರು ಇಲ್ಲದ ಪುಸ್ತಕವನ್ನು ಇಲ್ಲ ಎನ್ನುತ್ತಾರೆ. ತಾವು ಇಲ್ಲದ ಪುಸ್ತಕಕ್ಕೂ ಲೇಖಕ, ಪ್ರಕಾಶಕ, ಪುಟಸಂಖ್ಯೆ ಒದಗಿಸುತ್ತೀರಂತೆ! ಪುಸ್ತಕ ಖರೀದಿಯ ಖರ್ಚೇ ಉಳಿಯಿತು.

ಕಥೆ ಹೇಳುವ ರೋಬೊ, ಮಾತಾಡುವ ಕಪಾಟು ಸದ್ಯಕ್ಕಿರಲಿ. ಓದುಗನ ಸಮಯ ಉಳಿಸುವುದೂ ಗ್ರಂಥಾಲಯದ ಧರ್ಮವೆಂದು 1931ರಲ್ಲೇ ಸೂತ್ರ ಬರೆದ ಎಸ್‌.ಆರ್‌. ರಂಗನಾಥನ್ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲೇ. ಅವರ ಮುಖ ನೋಡಿಯಾದರೂ ನಮ್ಮ ಕ್ಯಾಟಲಾಗಿಗೆ ಕೈ ಹಚ್ಚಿ. ಅದರಲ್ಲಿ ಶಿವರಾಮ ಕಾರಂತರು ಒಮ್ಮೆ 'ಕ'ದಲ್ಲಿದ್ದಾರೆ, ಒಮ್ಮೆ 'ಶ'ದಲ್ಲಿ. ಡಾಕ್ಟರೇಟ್ ಪಡೆದ ತಪ್ಪಿಗೆ 'ಡ'ದಲ್ಲೂ ಇದ್ದಾರೆ. ಇಂಗ್ಲಿಷಿನಲ್ಲಿ ಹೆಸರಿನ ತುದಿಗೆ 'ಎಚ್' ಬಿದ್ದರೆ ಬೇರೆಯೇ ಮನುಷ್ಯ. ಹಳೆಯ ಪಟ್ಟಿಯೆಲ್ಲ ಯುನಿಕೋಡ್‌ಗೆ ಮುಂಚಿನ 'ನುಡಿ' ಫಾಂಟಿನಲ್ಲಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಕೊಂಬು ಮೂಡಿದ ಲ್ಯಾಟಿನ್ ಅಕ್ಷರಗಳಾಗುತ್ತದೆ. ಸ್ಕ್ಯಾನ್ ಆದ ಪುಸ್ತಕಗಳೋ ಬರೀ ಚಿತ್ರಗಳು, ಒಳಗಿನ ಒಂದು ಪದವನ್ನೂ ಹುಡುಕಲಾಗದು. ಅಚ್ಚುಮೊಳೆ ಸವೆದ ಒತ್ತಕ್ಷರ ಓದಲು ಕಲಿಯಿರಿ. ಗೊತ್ತಾಗದಿದ್ದರೆ ಊಹಿಸಬೇಡಿ, ಮೇಲ್ವಿಚಾರಕರನ್ನು ಕೇಳಿ. ಈ ಕೆಲಸಕ್ಕೆ ರಿಬ್ಬನ್ ಕತ್ತರಿಸುವವರು ಬರುವುದಿಲ್ಲ, ಫೋಟೊವೂ ಇಲ್ಲ. ಅದಕ್ಕೇ ಇಷ್ಟು ವರ್ಷ ಉಳಿದುಕೊಂಡಿದೆ.

ಇತಿ,
ದಿನಪತ್ರಿಕೆಯ ಮುಖಪುಟಕ್ಕೆ ಕಾದಿರುವ ಓದುಗ

ವಿ.ಸೂ.: ಹಾಜರಾತಿ ಬಯೋಮೆಟ್ರಿಕ್. ಬೆರಳಿಲ್ಲದವರಿಗೆ ಅಂದಿನ ಸಂಬಳವಿಲ್ಲ.